ಮಸಿಯಿಲ್ಲದ ಅಚ್ಚಿನ ಕತೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಸಂಘದ ಕಚೇರಿಗೆ ಡೊಂಬಿವಲಿಯಿಂದ ದೂರವಾಣಿ ಕರೆ ಬಂತು. ಮಾತನಾಡಿದವರು ಎಂಬತ್ತು ದಾಟಿದ ನಮ್ಮ ಹಳೆಯ ಆಜೀವ ಸದಸ್ಯೆ, ಧಾರವಾಡದ ಕಡೆಯವರು. "ಏನ್ರೀ, ನನ್ನ ಹೆಸರು ಪಟ್ಟಿಯೊಳಗಿಂದ ತಗದು ಹಾಕೀರೇನು? ಮೂರು ತಿಂಗಳಾತು, ಪುಸ್ತಕ ಬಂದಿಲ್ಲ. ಮುದುಕಿ ಹೋದಳು ಅಂತ ತಿಳಕೊಂಡ್ರೋ ಹೆಂಗ?" ಎಂದು ಕೇಳಿದರು. ಅವರು ನಗುತ್ತಲೇ ಕೇಳಿದರು. ನಮಗೆ ಮಾತ್ರ ನಗು ಬರಲಿಲ್ಲ.

ಪಟ್ಟಿ ತೆಗೆದು ನೋಡಿದೆವು. ಹೆಸರು ಇದ್ದಲ್ಲಿಯೇ ಇತ್ತು. ಸಂಚಿಕೆಗಳು ಅಂಚೆಗೆ ಹೋದದ್ದಕ್ಕೂ ಲೆಕ್ಕವಿತ್ತು. ಕೊನೆಗೆ ಅವರ ವಿಳಾಸದ ಲೇಬಲ್ಲನ್ನೇ ಮತ್ತೊಮ್ಮೆ ಅಚ್ಚು ಮಾಡಿ ಬೆಳಕಿಗೆ ಹಿಡಿದಾಗ ಗುಟ್ಟು ಹೊರಬಿತ್ತು. ಲೇಬಲ್ಲಿನ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಂಥ ಒಂದು ಬಿಳಿಯ ಗೆರೆ. ಅದು ಎಲ್ಲರ ಲೇಬಲ್ಲಿನಲ್ಲೂ ಅದೇ ಜಾಗದಲ್ಲಿತ್ತು. ಬಹಳಷ್ಟು ಜನರ ವಿಳಾಸದಲ್ಲಿ ಯಾವುದೋ ಅಕ್ಷರದ ಹೊಟ್ಟೆಯನ್ನು ಸೀಳಿಕೊಂಡು ಹೋಗಿದ್ದರಿಂದ ಓದಲು ತೊಂದರೆಯಾಗಿರಲಿಲ್ಲ. ಈ ಅಜ್ಜಿಯ ಕೋಣೆಯ ಸಂಖ್ಯೆ 14. ಗೆರೆ ಸರಿಯಾಗಿ ಆ ಒಂದರ ಬೆನ್ನುಮೂಳೆಯ ಮೇಲೆಯೇ ಹಾದು, 14 ಎಂಬುದು 4 ಆಗಿತ್ತು. ನಾಲ್ಕನೆಯ ಕೋಣೆಯವರು ಬೀಗ ಹಾಕಿ ಊರಿಗೆ ಹೋಗಿ ಬಹಳ ದಿನಗಳಾಗಿದ್ದವು. ಅಂಚೆಯಣ್ಣ ತನ್ನ ಕರ್ತವ್ಯವನ್ನು ತಪ್ಪದೆ ಮಾಡಿದ್ದ. ಮೂರೂ ಸಂಚಿಕೆಗಳು ಆ ಬಾಗಿಲ ಸಂದಿಯಿಂದ ಒಳಗೆ ಸೇರಿದ್ದವು.

ಲೇಬಲ್ಲಿನಲ್ಲಿ ಹೆಸರನ್ನು ಕನ್ನಡದಲ್ಲಿಯೂ ವಿಳಾಸವನ್ನು ಇಂಗ್ಲಿಷಿನಲ್ಲಿಯೂ ಹಾಕುವುದು ನಮ್ಮ ಪದ್ಧತಿ. ಮುಂಬಯಿಯ ಅಂಚೆಯವರಿಗೆ ಕನ್ನಡ ಬರಬೇಕೆಂದು ಹಟ ಹಿಡಿಯುವಂತಿಲ್ಲ. ಆದರೆ ಮನೆಗೆ ಬಂದ ಪುಸ್ತಕದ ಮೇಲೆ ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಕಾಣುವುದು ನಮ್ಮ ಜನರಿಗೆ ಇಷ್ಟ. ಕನ್ನಡದ ಸಾಲಿನಲ್ಲಿಯೂ ಆ ಗೆರೆ ತನ್ನ ಕೈಚಳಕ ತೋರಿಸಿತ್ತು. ಧನಂಜಯ ಎಂಬ ಹೆಸರಿನ ಸದಸ್ಯರೊಬ್ಬರ ‘ಧ’ದ ಕೆಳಗಿನ ಪುಟ್ಟ ಕಡ್ಡಿಯನ್ನು ನುಂಗಿ ಅವರನ್ನು ‘ದನಂಜಯ’ರನ್ನಾಗಿ ಮಾಡಿತ್ತು. ಅವರು ದೊಡ್ಡ ಮನಸ್ಸಿನವರು, ದೂರಲಿಲ್ಲ.

ಇಷ್ಟಕ್ಕೆಲ್ಲ ಕಾರಣವಾದದ್ದು ಕಚೇರಿಯ ಮೂಲೆಯಲ್ಲಿ ಕುಳಿತಿರುವ ರೊಟ್ಟಿಯ ಡಬ್ಬಿಯಷ್ಟು ದೊಡ್ಡ ಒಂದು ಥರ್ಮಲ್ ಲೇಬಲ್ ಪ್ರಿಂಟರ್. ಅದನ್ನು ರಿಪೇರಿಗೆ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಈ ಯಂತ್ರ ಎಲ್ಲಿಂದ ಬಂತು, ಇದರ ಅಚ್ಚು ಏಕೆ ಹೀಗೆ ಕೆಡುತ್ತದೆ ಎಂಬ ಕುತೂಹಲ ನಮ್ಮನ್ನು ಬಿಡಲಿಲ್ಲ. ಕೆದಕುತ್ತ ಹೋದಂತೆ ಇದಕ್ಕೂ ಒಂದು ಇತಿಹಾಸವಿದೆಯೆಂದೂ, ಅದರ ಪ್ರತಿಯೊಂದು ದೋಷದ ಬೇರು ಆ ಇತಿಹಾಸದಲ್ಲಿಯೇ ಇದೆಯೆಂದೂ ತಿಳಿಯಿತು.

ಅಚ್ಚಿನ ದೋಷ ಕನ್ನಡಿಗರಿಗೆ ಹೊಸದೇನಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ದೂರದ ಸೆರಾಂಪುರದಲ್ಲಿ ಅಚ್ಚಾಯಿತು. ಅದಕ್ಕೆ ಐದು ವರ್ಷ ಹಿಂದೆ, 1812ರ ಮಾರ್ಚ್‌ನಲ್ಲಿ, ಆ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಅನೇಕ ಭಾರತೀಯ ಭಾಷೆಗಳ ಮೊಳೆಗಳು ಕರಗಿಹೋಗಿದ್ದವು. ನಮ್ಮ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟದ್ದು ಮೊಳೆಯಚ್ಚಿನಲ್ಲಲ್ಲ, ಕಲ್ಲಚ್ಚಿನಲ್ಲಿ. ಅದರ ಸಂಪಾದಕರಾದ ಹರ್ಮನ್ ಮೋಗ್ಲಿಂಗರು ವರ್ಷ ತುಂಬುವ ಮೊದಲೇ, 1844ರಲ್ಲಿ, ಪತ್ರಿಕೆಯನ್ನು ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಸಾಗಿಸಿದರು. ಅಲ್ಲಿ ಅದು ‘ಕನ್ನಡ ಸಮಾಚಾರ’ವಾಯಿತು. ಓದುಗನ ಕಣ್ಣಿಗೆ ಅಕ್ಷರ ಸ್ಪಷ್ಟವಾಗಿ ಕಾಣಲಿ ಎಂಬ ಹಂಬಲ ಇಲ್ಲಿ ಅಷ್ಟು ಹಳೆಯದು.

ನಮ್ಮ ಸಂಘದ ಮಟ್ಟಿಗೆ ಹೇಳುವುದಾದರೆ, ಮೊದಲು ರ‍್ಯಾಪರಿನ ಮೇಲೆ ವಿಳಾಸ ಬರೆಯುತ್ತಿದ್ದುದು ಕೈಯಿಂದ. ಭಾನುವಾರ ಬೆಳಿಗ್ಗೆ ನಾಲ್ಕೈದು ಮಂದಿ ಕುಳಿತು, ಚಹಾ ಕುಡಿಯುತ್ತ, ಊರಿನ ಸುದ್ದಿ ಮಾತನಾಡುತ್ತ ಬರೆದು ಮುಗಿಸುತ್ತಿದ್ದರು. ಸಂಘದ ಕರೆಯೋಲೆಗಳು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹೊರಬೀಳುತ್ತಿದ್ದವು. ಮೇಣದ ಹಾಳೆಯ ಮೇಲೆ ಕಡ್ಡಿಯಿಂದ ಬರೆಯುವಾಗ ಕೈ ಸ್ವಲ್ಪ ಭಾರವಾದರೆ ದುಂಡನೆಯ ಅಕ್ಷರಗಳ ನಡುಭಾಗ ಹರಿದು ಉದುರಿಹೋಗುತ್ತಿತ್ತು. ಕನ್ನಡವೆಂದರೆ ದುಂಡಗಿನ ಅಕ್ಷರಗಳ ಮೇಳ. ‘ಠ’ ಬಂದಲ್ಲೆಲ್ಲ ಒಂದು ಕರಿಯ ಬಟ್ಟು! ಆದರೂ ಆ ದೋಷ ಕಣ್ಣಿಗೆ ರಾಚುವಂಥದು, ಮುಚ್ಚಿಡಲಾಗದ್ದು. ಈಗಿನ ದೋಷ ಸದ್ದಿಲ್ಲದೆ ಬರುತ್ತದೆ.

ಬಿಸಿಯಿಂದ ಅಚ್ಚು ಹಾಕುವ ವಿದ್ಯೆ ಅಮೆರಿಕದ ಕಚೇರಿಗಳಲ್ಲಿ ಬಳಕೆಗೆ ಬಂದದ್ದು 1950ರಲ್ಲಿ, 3ಎಂ ಕಂಪನಿಯ ಥರ್ಮೋಫ್ಯಾಕ್ಸ್ ಎಂಬ ಪ್ರತಿ ತೆಗೆಯುವ ಯಂತ್ರದ ಮೂಲಕ. ಮೂಲ ಪತ್ರದ ಕರಿಯ ಅಕ್ಷರಗಳು ದೀಪದ ಶಾಖವನ್ನು ಹೀರಿಕೊಂಡು ಬಿಸಿಯಾದರೆ, ಅವುಗಳಿಗೆ ತಾಗಿದ ವಿಶೇಷ ಕಾಗದ ಅಷ್ಟು ಜಾಗದಲ್ಲಿ ಮಾತ್ರ ಕಪ್ಪಾಗುತ್ತಿತ್ತು. ಮಸಿ ಬೇಡ, ಒಣಗಿಸುವ ಕಷ್ಟವಿಲ್ಲ. ಆದರೆ ಒಮ್ಮೆ ಬಿಸಿಗೆ ಕಪ್ಪಾಗುವ ಕಾಗದ ಮುಂದೆಯೂ ಬಿಸಿಗೆ ಕಪ್ಪಾಗದಿರುತ್ತದೆಯೇ? ವರ್ಷಗಳು ಕಳೆದಂತೆ ಆ ಪ್ರತಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ, ಅಕ್ಷರ ಯಾವುದು ಹಾಳೆ ಯಾವುದು ಎಂದು ತಿಳಿಯದಂತಾದವು. ಕಾಗದವೇ ಮಸಿಯೂ ಆಗಿರುವ ಅಚ್ಚಿನ ಮೂಲ ದೌರ್ಬಲ್ಯ ಇದು. ಮುಂದೆ ಬಂದ ಸುಧಾರಣೆಗಳು ಇದನ್ನು ತಗ್ಗಿಸಿದುವೇ ಹೊರತು ಹೋಗಲಾಡಿಸಲಿಲ್ಲ.

ನಂತರದ ದೊಡ್ಡ ಹೆಜ್ಜೆ ಜ್ಯಾಕ್ ಕಿಲ್ಬಿ ಎಂಬ ಎಂಜಿನಿಯರರದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿದ್ದ ಇವರು 1958ರಲ್ಲಿ ಇಂಟಿಗ್ರೇಟೆಡ್ ಸರ್ಕ್ಯೂಟನ್ನು ಕಂಡುಹಿಡಿದವರು. ಅದಕ್ಕಾಗಿ 2000ದಲ್ಲಿ ನೊಬೆಲ್ ಪಾರಿತೋಷಕ ಪಡೆದವರು. 1967ರ ವೇಳೆಗೆ ಇವರೂ ಇವರ ಇಬ್ಬರು ಸಹೋದ್ಯೋಗಿಗಳೂ ಅಂಗೈಯಲ್ಲಿ ಹಿಡಿಯಬಹುದಾದ ಲೆಕ್ಕದ ಯಂತ್ರವೊಂದನ್ನು ಸಿದ್ಧಪಡಿಸಿದರು. ಲೆಕ್ಕವೇನೋ ಆಯಿತು, ಉತ್ತರ ತೋರಿಸುವುದು ಹೇಗೆ? ಮಸಿ, ರಿಬ್ಬನ್, ಸುತ್ತಿಗೆ ಇವನ್ನೆಲ್ಲ ಅಷ್ಟು ಚಿಕ್ಕ ಪೆಟ್ಟಿಗೆಯೊಳಗೆ ತುರುಕಲಾಗದು. ಆದ್ದರಿಂದ ಸಾಸಿವೆಗಿಂತ ಚಿಕ್ಕ ಬಿಸಿಚುಕ್ಕೆಗಳನ್ನು ಸಾಲಾಗಿ ಕೂರಿಸಿ, ಅವುಗಳ ಮೇಲೆ ಬಿಸಿಗೆ ಬಣ್ಣ ತಿರುಗುವ ಕಾಗದದ ಪಟ್ಟಿಯನ್ನು ಎಳೆದರು. ಬೇಕಾದ ಚುಕ್ಕೆಗೆ ಮಾತ್ರ ವಿದ್ಯುತ್ತು ಕೊಟ್ಟರೆ ಅಂಕಿ ಮೂಡುತ್ತದೆ. 1970ರಲ್ಲಿ ಜಪಾನಿನ ಕ್ಯಾನನ್ ಕಂಪನಿ ಇದೇ ವಿಧಾನದ ಪಾಕೆಟ್ರಾನಿಕ್ ಎಂಬ ಲೆಕ್ಕಯಂತ್ರವನ್ನು ಮಾರಾಟಕ್ಕೆ ತಂದಿತು. ಮರುವರ್ಷ ಟೆಕ್ಸಾಸ್ ಕಂಪನಿಯೇ ಸೈಲೆಂಟ್ 700 ಎಂಬ ಮುದ್ರಣಯಂತ್ರವನ್ನು ಹೊರತಂದಿತು. ಅಡ್ಡ ಐದು, ಉದ್ದ ಏಳು ಚುಕ್ಕೆಗಳ ಚೌಕಟ್ಟಿನಲ್ಲಿ ಸೆಕೆಂಡಿಗೆ ಮೂವತ್ತು ಅಕ್ಷರ ಮೂಡಿಸುತ್ತಿದ್ದ ಆ ಯಂತ್ರಕ್ಕೆ ಹೆಸರು ಬಂದದ್ದು ಅದರ ಮೌನದಿಂದ. ಅಲ್ಲಿಯತನಕ ಟೆಲಿಪ್ರಿಂಟರುಗಳ ಖಟಖಟ ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಅದೊಂದು ಸೋಜಿಗವೇ ಸರಿ.

ಕಾಗದವೂ ಸುಧಾರಿಸಿತು. ಡೇಟನ್ ನಗರದ ಎನ್.ಸಿ.ಆರ್. ಕಂಪನಿ ಕಾರ್ಬನ್ ಹಾಳೆಯಿಲ್ಲದೆ ನಕಲು ಮೂಡುವ ಕಾಗದವನ್ನು 1950ರ ದಶಕದಲ್ಲಿ ತಂದಿತ್ತು. ಬಣ್ಣವಿಲ್ಲದ ಬಣ್ಣ ಒಂದು ಕಡೆ, ಅದನ್ನು ಕಪ್ಪಾಗಿಸುವ ಹುಳಿಗುಣದ ಪದಾರ್ಥ ಇನ್ನೊಂದು ಕಡೆ. ಎರಡೂ ಕೂಡಿದರೆ ಅಕ್ಷರ. ಅಲ್ಲಿ ಅವೆರಡನ್ನು ಕೂಡಿಸುತ್ತಿದ್ದುದು ಪೆನ್ನಿನ ಒತ್ತಡ. ಅದೇ ಜೋಡಿಯನ್ನು ಮೇಣದಂಥ ವಸ್ತುವಿನೊಡನೆ ಕಾಗದದ ಮೇಲೆ ಸವರಿದರೆ ಬಿಸಿ ತಾಗಿದಾಗ ಕರಗಿ ಕೂಡುತ್ತವೆ. ಇಂದು ಕಿರಾಣಿ ಅಂಗಡಿಯ ಬಿಲ್ಲು, ಎ.ಟಿ.ಎಂ. ಚೀಟಿ, ರಾತ್ರಿ ಬಸ್ಸಿನ ಕಂಡಕ್ಟರು ಕೈಯಂತ್ರದಿಂದ ಹರಿದು ಕೊಡುವ ಟಿಕೇಟು ಎಲ್ಲದರ ಗುಟ್ಟು ಇದೇ. ನಮ್ಮಲ್ಲಿ ಅನೇಕರಿಗೆ ಮೊದಲು ಪರಿಚಯವಾದದ್ದು ಫ್ಯಾಕ್ಸ್ ಯಂತ್ರದ ಸುರುಳಿಯಿಂದ. 1990ರ ಸುಮಾರಿಗೆ ಊರಿನಿಂದ ಬಂದ ಫ್ಯಾಕ್ಸನ್ನು ಕೂಡಲೇ ಜೆರಾಕ್ಸ್ ಮಾಡಿಸಿಡದೆ, ವರ್ಷದ ಮೇಲೆ ತೆಗೆದು ನೋಡಿ ಖಾಲಿ ಹಾಳೆ ಕಂಡು ಪೇಚಾಡಿದವರು ಇದನ್ನು ಓದುವವರಲ್ಲಿ ಖಂಡಿತ ಇದ್ದಾರೆ.

ಇನ್ನು ಲೇಬಲ್ಲು. ಬೆನ್ನಿಗೆ ಅಂಟು ಹಚ್ಚಿಕೊಂಡೇ ಬರುವ ಚೀಟಿಯನ್ನು ಯಂತ್ರದಿಂದ ತಯಾರಿಸಿ 1935ರಲ್ಲಿ ವ್ಯಾಪಾರಕ್ಕಿಳಿಸಿದವರು ಲಾಸ್ ಏಂಜಲೀಸಿನ ಸ್ಟ್ಯಾಂಟನ್ ಏವರಿ. ಬಂಡವಾಳ, ಅವರು ಮದುವೆಯಾಗಲಿದ್ದ ಹುಡುಗಿ ಕೊಟ್ಟ ನೂರು ಡಾಲರ್ ಸಾಲ. ಈ ಚೀಟಿಯ ಮೇಲೆ ಗೆರೆಗಳ ಭಾಷೆಯನ್ನು ಬರೆಯುವ ಯೋಚನೆ ನಾರ್ಮನ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬಿಬ್ಬರದು. ಮಯಾಮಿಯ ಕಡಲ ದಂಡೆಯಲ್ಲಿ ಕುಳಿತಿದ್ದ ವುಡ್‌ಲ್ಯಾಂಡರು ಮೋರ್ಸ್ ತಂತಿಯ ಚುಕ್ಕೆ-ಗೀಟುಗಳನ್ನು ಮರಳಿನ ಮೇಲೆ ಬೆರಳಿನಿಂದ ಕೆಳಗೆಳೆದಾಗ ಹೊಳೆದ ಯೋಚನೆ ಅದು. 1952ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಆದರೆ ಅಂಗಡಿಯಲ್ಲಿ ಮೊದಲ ಬಾರ್‌ಕೋಡ್ ಓದಿದ್ದು 1974ರ ಜೂನ್ 26ರಂದು, ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ವಸ್ತು, 67 ಸೆಂಟಿನ ಒಂದು ಚ್ಯೂಯಿಂಗ್ ಗಮ್ ಪೊಟ್ಟಣ.

ಬಾರ್‌ಕೋಡಿನಿಂದ ಅಚ್ಚಿಗೆ ಹೊಸ ಕಟ್ಟುನಿಟ್ಟು ಬಂತು. ಮನುಷ್ಯ ಓದುವಾಗ ಅಕ್ಷರ ಅರ್ಧ ಅಳಿಸಿದ್ದರೂ ಊಹಿಸಿ ಓದುತ್ತಾನೆ. ಯಂತ್ರ ಗೆರೆಯ ಅಗಲವನ್ನೇ ಅಳೆಯುವುದರಿಂದ ಅಲ್ಲಿ ಊಹೆಗೆ ಎಡೆಯಿಲ್ಲ. ಸುತ್ತಿಗೆಯ ಹೊಡೆತದಿಂದ ಮೂಡುವ ಚುಕ್ಕೆಯ ಅಂಚು ಮಸುಕು. ಬಿಸಿಯಿಂದ ಮೂಡುವ ಚುಕ್ಕೆಯ ಅಂಚು ಚೊಕ್ಕ. ಹೀಗೆ ಥರ್ಮಲ್ ಪ್ರಿಂಟರ್ ಉಗ್ರಾಣಗಳನ್ನೂ ಆಸ್ಪತ್ರೆಗಳನ್ನೂ ಸೇರಿತು. ಬಿಸಿಲಿಗೆ ಮಾಸುವ ಕಾಗದದ ಚಿಂತೆಗೂ 1980ರ ದಶಕದಲ್ಲಿ ಒಂದು ಉಪಾಯ ಬಳಕೆಗೆ ಬಂತು: ತೆಳುವಾದ ರಿಬ್ಬನ್ನಿನ ಮೇಲೆ ಮೇಣ ಅಥವಾ ರಾಳದ ಮಸಿ ಸವರಿ, ಬಿಸಿಯಿಂದ ಅದನ್ನು ಕರಗಿಸಿ ಸಾಧಾರಣ ಕಾಗದಕ್ಕೆ ಅಂಟಿಸುವುದು. ರಿಬ್ಬನ್ನಿರುವ ಯಂತ್ರ, ರಿಬ್ಬನ್ನಿಲ್ಲದ ಯಂತ್ರ ಎಂಬ ಎರಡು ಕುಲಗಳು ಅಂದಿನಿಂದ ನಡೆದುಬಂದಿವೆ. ನಮ್ಮದರಲ್ಲಿ ಎರಡೂ ಬಗೆ ಸಾಧ್ಯ. ಖರ್ಚು ಉಳಿಸಲೆಂದು ನಾವು ರಿಬ್ಬನ್ನಿಲ್ಲದೆ ನಡೆಸುತ್ತಿದ್ದೆವು.

ಈಗ ನಮ್ಮ ಬಿಳಿಯ ಗೆರೆಗೆ ಬರೋಣ. ನಮ್ಮ ಸಮಿತಿಯಲ್ಲಿ ಹಿರಿಯರೊಬ್ಬರಿದ್ದಾರೆ. ಗಿರಗಾಂವದ ಅಚ್ಚುಕೂಟವೊಂದರಲ್ಲಿ ಮೂವತ್ತು ವರ್ಷ ಕನ್ನಡದ ಮೊಳೆ ಜೋಡಿಸಿದವರು. ಕಂಪ್ಯೂಟರೆಂದರೆ ದೂರ. ಲೇಬಲ್ಲನ್ನು ಅವರಿಗೆ ತೋರಿಸಿದಾಗ, "ಒಂದು ಕೊಟ್ಟರೆ ಏನು ಹೇಳಲಿ? ಹರಿಯದೆ ಹತ್ತು ಲೇಬಲ್ ಸಾಲಾಗಿ ಬಿಡಿ" ಎಂದರು. ಹತ್ತನ್ನೂ ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಕನ್ನಡಕ ಏರಿಸಿ ನೋಡಿದರು. ಮೊಳೆಯಚ್ಚಿನಲ್ಲಿ ಪ್ರತಿ ಹಾಳೆಯಲ್ಲೂ ಅದೇ ಜಾಗದಲ್ಲಿ ಬರುವ ದೋಷ ಮೊಳೆಯದು, ಅಲೆದಾಡುವ ದೋಷ ಮಸಿಯದು ಅಥವಾ ಕಾಗದದ್ದು ಎಂದು ಅವರು ಕಲಿತಿದ್ದರು. ಇಲ್ಲಿಯೂ ಅದೇ ಲೆಕ್ಕ ನಡೆಯಿತು. ಕಾಗದ ಸಾಗುವ ದಿಕ್ಕಿನಲ್ಲಿ ತಪ್ಪದೆ ಒಂದೇ ಜಾಗದಲ್ಲಿ ಬಿಳಿಗೆರೆ ಬಂದರೆ ದೋಷ ಪ್ರಿಂಟ್ ಹೆಡ್ಡಿನಲ್ಲಿದೆ. ಒಂದೇ ಅಂತರಕ್ಕೆ ಮತ್ತೆ ಮತ್ತೆ ಕಲೆ ಮರುಕಳಿಸಿದರೆ ಅದು ಕಾಗದವನ್ನು ಒತ್ತಿ ಉರುಳಿಸುವ ರಬ್ಬರ್ ಉರುಳೆಯ ಒಂದು ಸುತ್ತಿನ ಅಳತೆ. ಉರುಳೆಗೆ ಅಂಟು ಮೆತ್ತಿದೆ ಅಥವಾ ಗಾಯವಾಗಿದೆ. ಓರೆಯಾಗಿ ಹರಿದ ಗೆರೆಗಳಿದ್ದರೆ ರಿಬ್ಬನ್ ಸುಕ್ಕಾಗಿದೆ. ಎಲ್ಲೆಂದರಲ್ಲಿ ಬಿಳಿಯ ಚುಕ್ಕೆಗಳಿದ್ದರೆ ಧೂಳು. ಲೇಬಲ್ಲಿನ ಒಂದು ಪಕ್ಕ ಗಾಢವಾಗಿ ಇನ್ನೊಂದು ಪಕ್ಕ ತಿಳಿಯಾಗಿದ್ದರೆ ಹೆಡ್ಡು ಎರಡೂ ಕಡೆ ಸಮನಾಗಿ ಒತ್ತುತ್ತಿಲ್ಲ. ನಾವು ಅರ್ಧ ದಿನ ತಲೆ ಕೆರೆದುಕೊಂಡದ್ದನ್ನು ಅವರು ಐದು ನಿಮಿಷದಲ್ಲಿ ಮುಗಿಸಿದರು.

ಹೆಡ್ಡು ಎಂದರೆ ಕಿಲ್ಬಿಯವರ ಬಿಸಿಚುಕ್ಕೆಗಳ ಸಾಲೇ, ಈಗ ಉದ್ದವಾಗಿ ಬೆಳೆದದ್ದು. ಸಾಮಾನ್ಯ ಯಂತ್ರದಲ್ಲಿ ಮಿಲಿಮೀಟರಿಗೆ ಎಂಟು, ಇಂಚಿಗೆ 203 ಚುಕ್ಕೆ. ನಾಲ್ಕಂಗುಲದ ಹೆಡ್ಡಿನಲ್ಲಿ ಒಟ್ಟು 832. ಒಂದು ಚುಕ್ಕೆ ಸತ್ತರೆ ಮಿಲಿಮೀಟರಿನ ಎಂಟನೆಯ ಒಂದು ಪಾಲಿನ ಬಿಳಿಗೆರೆ. ಅಕ್ಕಪಕ್ಕದ ಎರಡು ಸತ್ತರೆ ಸಣ್ಣ ಅಕ್ಷರದ ಒಂದು ಕಡ್ಡಿ ಪೂರ್ತಿ ಮಾಯ. ಬಾರ್‌ಕೋಡಿನ ಗೆರೆಗಳು ಕಾಗದ ಸಾಗುವ ದಿಕ್ಕಿಗೇ ನಿಂತಿದ್ದರೆ ಇಡೀ ಗೆರೆಯೇ ಸವೆದು ಯಂತ್ರಕ್ಕೆ ಓದಲಾಗದು. ಏಣಿಯ ಮೆಟ್ಟಿಲಂತೆ ಅಡ್ಡ ಮಲಗಿದ್ದರೆ ಎಲ್ಲ ಗೆರೆಗಳಲ್ಲೂ ಒಂದು ಸಣ್ಣ ಕಿಂಡಿ ಬೀಳುತ್ತದಷ್ಟೆ. ಅಂಕಿ ಒಂದಕ್ಕೂ ನಮ್ಮ ಮಹಾಪ್ರಾಣದ ಕಡ್ಡಿಗೂ ಮಲಗುವ ಅನುಕೂಲವಿಲ್ಲವಲ್ಲ!

ಗೆರೆ ಬಂದಿತೆಂದ ಮಾತ್ರಕ್ಕೆ ಚುಕ್ಕೆ ಸತ್ತಿದೆಯೆಂದಲ್ಲ. ಎಷ್ಟೋ ವೇಳೆ ಅಂಟು, ಕಾಗದದ ಪುಡಿ, ಮೇಣ ಮೆತ್ತಿಕೊಂಡು ಬಿಸಿ ತಾಗದಂತಾಗಿರುತ್ತದೆ. ಯಂತ್ರ ಆರಿಸಿ, ಹೆಡ್ಡು ತಣ್ಣಗಾದ ಮೇಲೆ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಎಳೆ ಬಿಡದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಆರಲು ಬಿಟ್ಟು ಮತ್ತೆ ನಡೆಸಿ ನೋಡಬೇಕು. ಪ್ರತಿ ಸುರುಳಿ ಬದಲಾಯಿಸುವಾಗ ಇಷ್ಟು ಮಾಡಿದರೆ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ನಾವು ಮಾಡಿರಲಿಲ್ಲ. ಒರೆಸಿದರೂ ನಮ್ಮ ಗೆರೆ ಹೋಗಲಿಲ್ಲ. ವಿಚಾರಿಸಿದಾಗ, ನಾಲ್ಕು ತಿಂಗಳ ಹಿಂದೆ ಒಳಗೆ ಸಿಕ್ಕಿಕೊಂಡ ಲೇಬಲ್ಲನ್ನು ನಮ್ಮವರೊಬ್ಬರು ಬೀಗದ ಕೈಯಿಂದ ಕೆರೆದು ತೆಗೆದಿದ್ದರೆಂದು ತಿಳಿಯಿತು. ಹೆಸರು ಹೇಳುವುದಿಲ್ಲ; ಈ ಲೇಖನ ಬರೆಯುತ್ತಿರುವ ಕೈಗೂ ಆ ಬೀಗದ ಕೈಗೂ ಹತ್ತಿರದ ಸಂಬಂಧವಿದೆ ಎಂದರೆ ಸಾಕು.

ಹೆಡ್ಡು ಹೇಗೂ ಸವೆಯುವ ವಸ್ತು. ಟ್ಯಾಕ್ಸಿಯಂತೆ ಅದರ ಆಯುಸ್ಸನ್ನೂ ಓಡಿದ ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ರಿಬ್ಬನ್ನಿಲ್ಲದ ಅಚ್ಚಿನಲ್ಲಿ ಕಾಗದ ನೇರವಾಗಿ ಉಜ್ಜುವುದರಿಂದ ಬೇಗ ಸವೆಯುತ್ತದೆ. ರಿಬ್ಬನ್ ಇದ್ದರೆ, ಅದೂ ಲೇಬಲ್ಲಿಗಿಂತ ಸ್ವಲ್ಪ ಅಗಲವಾಗಿದ್ದರೆ, ಮಧ್ಯೆ ಒಂದು ಹೊದಿಕೆಯಿದ್ದಂತೆ. ಅಚ್ಚು ತಿಳಿಯಾಯಿತೆಂದು ಬಿಸಿಯನ್ನು ಏರಿಸುತ್ತಲೇ ಹೋಗುವುದು ಎಲ್ಲರೂ ಮಾಡುವ ತಪ್ಪು. ಹೆಡ್ಡಿನ ಆಯುಸ್ಸೂ ಕಡಿಮೆಯಾಗುತ್ತದೆ, ಅಕ್ಷರವೂ ಹಬ್ಬಿಕೊಂಡು ‘ಣ’, ‘ಜ್ಞ’ಗಳ ಒಳಗಿನ ಬಯಲೆಲ್ಲ ಕಪ್ಪಾಗುತ್ತದೆ. ಮೊದಲು ವೇಗ ತಗ್ಗಿಸಿ ನೋಡಬೇಕು. ಚುಕ್ಕೆಗೆ ಬಿಸಿಯಾಗಲೂ ಆರಲೂ ಸಮಯ ಬೇಕು. ಅಚ್ಚಾದದ್ದು ಬೆರಳಿಗೆ ಮೆತ್ತಿದರೆ ರಿಬ್ಬನ್ನಿಗೂ ಕಾಗದಕ್ಕೂ ಹೊಂದಿಕೆಯಿಲ್ಲ: ಮೇಣದ ರಿಬ್ಬನ್ ಸಾಧಾರಣ ಕಾಗದಕ್ಕೆ, ರಾಳದ್ದು ಪ್ಲಾಸ್ಟಿಕ್ ಲೇಬಲ್ಲಿಗೆ. ಏನೂ ಮೂಡದೆ ಖಾಲಿ ಬಂದರೆ ರಿಬ್ಬನ್ ಒಳಮುಖ ಹೊರಮುಖ ತಿರುವುಮುರುವಾಗಿರಬಹುದು; ಲೇಬಲ್ಲಿನ ಅಂಟುಭಾಗವನ್ನು ರಿಬ್ಬನ್ನಿಗೆ ಒತ್ತಿ ಎತ್ತಿದರೆ ಮಸಿ ಯಾವ ಮುಖದಲ್ಲಿದೆಯೆಂದು ಗೊತ್ತಾಗುತ್ತದೆ. ಕಾಗದ ಬಿಸಿಗೆ ಕಪ್ಪಾಗುವ ಜಾತಿಯದೇ ಎಂದು ತಿಳಿಯಲು ಉಗುರಿನಿಂದ ಜೋರಾಗಿ ಗೀರಿದರೆ ಸಾಕು; ಕಪ್ಪು ಗೆರೆ ಬಂದರೆ ಹೌದು.

ಹೊಸ ಹೆಡ್ಡಿನ ಬೆಲೆ ಕೇಳಿ ಖಜಾಂಚಿಯವರು ಒಂದು ಕ್ಷಣ ಮೌನವಾದರು. ಅದು ಬರುವವರೆಗೆ ಮೊಳೆಯ ಹಿರಿಯರೇ ದಾರಿ ತೋರಿಸಿದರು. ವಿಳಾಸವನ್ನೆಲ್ಲ ಆರು ಮಿಲಿಮೀಟರು ಬಲಕ್ಕೆ ಸರಿಸಿ, ಗೆರೆ ಎಡಗಡೆಯ ಖಾಲಿ ಜಾಗದಲ್ಲಿ ಹಾದುಹೋಗುವಂತೆ ಮಾಡಿದೆವು. ಮುರುಕು ಮೊಳೆಯನ್ನು ಮರೆಸಲು ತಾವು ಹೀಗೆಯೇ ಮಾಡುತ್ತಿದ್ದೆವೆಂದು ಅವರು ಹೇಳಿದರು. ಒಂದು ಸಂಚಿಕೆ ಹಾಗೆಯೇ ಹೋಯಿತು, ಯಾರಿಗೂ ತಿಳಿಯಲಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಇದು ಓದುಗರೆಲ್ಲರಿಗೂ ಸಂಬಂಧಿಸಿದ್ದು. ಕೆಲವು ವರ್ಷಗಳಿಂದ ಸದಸ್ಯತ್ವದ ರಸೀದಿಗಳನ್ನೂ ನಾವು ಥರ್ಮಲ್ ಸುರುಳಿಯಲ್ಲಿಯೇ ಕೊಡುತ್ತಿದ್ದೆವು. ಕಚೇರಿಯ ಪ್ರತಿಗಳನ್ನು ಜೋಪಾನವಾಗಿರಲೆಂದು ಪ್ಲಾಸ್ಟಿಕ್ ಕವಚದ ಕಡತದಲ್ಲಿ ಇಟ್ಟಿದ್ದೆವು. ತೆಗೆದು ನೋಡಿದರೆ ಹಲವು ಬೆಳ್ಳಗಾಗಿವೆ! ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿರುವ ಎಣ್ಣೆಯಂಥ ಪದಾರ್ಥವೇ ಈ ಅಚ್ಚಿನ ಶತ್ರು. ಬಿಸಿಲು, ಅಡಿಗೆಮನೆಯ ಜಿಡ್ಡು, ಕೈಗೆ ಹಚ್ಚುವ ಸ್ಯಾನಿಟೈಸರ್ ಇವೂ ಅಷ್ಟೇ. ಆದ್ದರಿಂದ ನಿಮ್ಮಲ್ಲಿರುವ ಸಂಘದ ರಸೀದಿಯನ್ನೂ, ಟಿ.ವಿ., ಫ್ರಿಜ್ಜು, ಒಡವೆಗಳ ಬಿಲ್ಲನ್ನೂ, ಆಸ್ಪತ್ರೆಯ ಚೀಟಿಗಳನ್ನೂ ಈಗಲೇ ಜೆರಾಕ್ಸ್ ಮಾಡಿಸಿಡಿ. ಮೂಲವನ್ನು ಕಾಗದದ ಲಕೋಟೆಯಲ್ಲಿ, ಕತ್ತಲಲ್ಲಿ ಇಡಿ. ಮಾಸಿದ ರಸೀದಿ ಇರುವ ಸದಸ್ಯರು ಕಚೇರಿಗೆ ತಿಳಿಸಿದರೆ ಲೆಡ್ಜರ್ ನೋಡಿ ಮಸಿಯ ಪೆನ್ನಿನಲ್ಲಿ ಬರೆದ ಹೊಸ ರಸೀದಿ ಕೊಡುತ್ತೇವೆ. ಲೆಡ್ಜರನ್ನು ಈಗಲೂ ಕೈಯಲ್ಲೇ ಬರೆಯಬೇಕೆಂದು ಪಟ್ಟು ಹಿಡಿದ ಖಜಾಂಚಿಯವರನ್ನು ನಾವೆಲ್ಲ ಗೇಲಿ ಮಾಡಿದ್ದುಂಟು.

ಡೊಂಬಿವಲಿಯಲ್ಲೇ ಇರುವ ನಮ್ಮ ಯುವಕ ಮಿತ್ರರೊಬ್ಬರು ಮೂರು ಸಂಚಿಕೆಗಳನ್ನೂ ಹೊಸದಾಗಿ ಒಯ್ದು ಅಜ್ಜಿಯ ಕೈಗೆ ಕೊಟ್ಟುಬಂದರು. ಮುಂದಿನ ಸಂಚಿಕೆ ಹೊಸ ಹೆಡ್ಡಿನ ಲೇಬಲ್ಲಿನೊಂದಿಗೆ ಅಂಚೆಯಲ್ಲಿಯೇ ಹೋಯಿತು. ನಾಲ್ಕನೆಯ ದಿನ ಮತ್ತೆ ದೂರವಾಣಿ. "ಬಂತ್ರೀ ಪುಸ್ತಕ. ಚಾಳಿಸು ಹಾಕ್ಕೊಂಡು ನೋಡಿದೆ. ಒಂದೂ ಐತಿ, ನಾಲ್ಕೂ ಐತಿ."